ಬಿಸಿಲೇರಿದ ಮೇಲೆ ಅರಳುವ ಹೂ

“ಏನ್ರೀ, ನಿಮ್ಮ ತೋಟದಲ್ಲಿ ಹೂ ಅನ್ನೋದೇ ಬಿಡಲ್ವಾ?”

ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಬ್ರೆಡ್ ಬೇಯಲು ಇಟ್ಟು ಹೊರಬಂದಿದ್ದ ರೊಜೆಲ್ಡಾ ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದಳು. ಬೇಲಿಯಾಚೆ ಗಾಳದ ಪೆಟ್ಟಿಗೆ ಹೊತ್ತು ನಿಂತಿದ್ದವನು ಡೆನ್ವಿನ್. ಸ್ನೂಕ್ ಮೀನಿನ ಕಾಲಕ್ಕೆಂದು ಲ್ಯಾಂಬರ್ಟ್ಸ್ ಬೇ ಊರಿನಿಂದ ಬಂದು ಅವಳ ಚಿಕ್ಕಪ್ಪನ ದೋಣಿ ಸೇರಿದ್ದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮರಳುದಿಬ್ಬದಿಂದ ಒಂದೊಂದೇ ಕಡ್ಡಿ ತಂದು ಊರಿ, ಬೇಲಿಯುದ್ದಕ್ಕೂ ಹಬ್ಬಿಸಿದ್ದ ಹುಳಿ ಅಂಜೂರವೆಂಬ ಹಣ್ಣಿನ ಬಳ್ಳಿ ಅದು! ಹಣ್ಣಾದರೆ ಊರೆಲ್ಲ ಅವಳ ಮನೆಯ ಜಾಮಿಗೆ ಕಾಯುತ್ತಿತ್ತು. ಆದರೆ ಆ ದಪ್ಪ ಎಲೆಯ ಬಳ್ಳಿಯಲ್ಲಿ ಹೂ ಅರಳುವುದು ಬಿಸಿಲೇರಿದ ಮೇಲೆ. ಸಂಜೆಯಾದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಕತ್ತಲಲ್ಲಿ ಕಡಲಿಗಿಳಿದು ಕತ್ತಲಲ್ಲೇ ಮರಳುವವನಿಗೆ, ಭಾನುವಾರ ನಸುಕಿನಲ್ಲೇ ತನ್ನೂರಿನ ಚರ್ಚಿಗೆ ಓಡುವವನಿಗೆ ಅದೆಲ್ಲಿ ಕಾಣಬೇಕು?

ಬಿಡಿಸಿ ಹೇಳಲು ಸ್ವಾಭಿಮಾನ ಅಡ್ಡ ಬಂತು. ಮುಖ ತಿರುಗಿಸಿಕೊಂಡು ಒಳನಡೆದಳು.

ಮರುದಿನವೂ ಬಂದ... ಅದರ ಮರುದಿನವೂ! ಒಮ್ಮೆ ಗೊಬ್ಬರ ಹಾಕಿ ಎಂದ. ಇನ್ನೊಮ್ಮೆ, ಗಿಡಕ್ಕೆ ಹಾಡು ಹೇಳಿ ನೋಡಿ ಎಂದ. ಅವಳು ಬೈದಳು, ಅವನು ನಕ್ಕ. ಬರಬರುತ್ತಾ ಆ ನಗುವಿಗೆ ಅವಳೇ ಕಾಯತೊಡಗಿದಳು. ಒಲೆಯಲ್ಲಿ ಬ್ರೆಡ್ ಸೀದುಹೋಗುತ್ತಿತ್ತು.

“ಬೇಲಿ ಹತ್ರ ಒಂದು ಕುರ್ಚಿ ಹಾಕ್ಲೇನೇ?” ಎಂದು ಔಮಾ, ಅವಳ ಅಜ್ಜಿ, ಚುಡಾಯಿಸಿದಳು.

ಒಂದು ರಾತ್ರಿ ಊಟಕ್ಕೆ ಬಂದ ಚಿಕ್ಕಪ್ಪ ಮೀನಿನ ಕಾಲ ಮುಗಿಯಿತೆಂದ. ನಾಳೆ ದೋಣಿ ಮಧ್ಯಾಹ್ನಕ್ಕೇ ವಾಪಸ್ಸು, ಡೆನ್ವಿನ್ ತನ್ನೂರಿಗೆ ಹೊರಡುತ್ತಾನೆ. ದೋಣಿಯಲ್ಲಿ ಅವನ ಬಾಯಲ್ಲಿ ಸದಾ ಇವಳ ತೋಟದ್ದೇ ಮಾತು, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ ಎಂದೂ ಹೇಳಿದ.

ರೊಜೆಲ್ಡಾ ತಟ್ಟೆ ಸರಿಸಿ ಎದ್ದು ಹಾಸಿಗೆಗೆ ಹೋದಳು. ‘ಅಂದ್ರೆ ನಾನು ಅವನಿಗೆ ಬರೀ ತಮಾಷೆಯಾ...?’ ದಿಂಬು ಒದ್ದೆಯಾಯಿತು.

ಮರುದಿನ ನೆತ್ತಿಯ ಮೇಲೆ ಸೂರ್ಯ ಬಂದಾಗ, ಒಂದು ತೆಕ್ಕೆ ಬಳ್ಳಿಯನ್ನು ಮರಳು ಸಮೇತ ಎತ್ತಿ ಮೀನಿನ ಕ್ರೇಟಿಗೆ ಹಾಕಿಕೊಂಡು ದಂಡೆಗೆ ನಡೆದಳು. ಕ್ರೇಟಿನ ತುಂಬ ಗುಲಾಬಿ ಬಣ್ಣದ ಹೂಗಳು. ಮೀನು ಕೊಯ್ಯುತ್ತಿದ್ದ ಹೆಂಗಸರು ಯಾರಿಗೆ ಈ ಮೆರವಣಿಗೆ ಎಂದು ಕೇಳಿದರೂ ನಿಲ್ಲಲಿಲ್ಲ. ದೋಣಿ ಎಳೆಯುತ್ತಿದ್ದ ಡೆನ್ವಿನ್‌ನ ಕಾಲ ಬಳಿ ಕ್ರೇಟ್ ಇಟ್ಟಳು.

“ನೋಡ್ಕೊಳ್ಳಿ. ನನ್ನ ತೋಟ ಬರಡಲ್ಲ,” ಎಂದಳು.

ಅವನು ಹೂವನ್ನು ನೋಡಲೇ ಇಲ್ಲ. ಅವಳನ್ನೇ ನೋಡಿದ.

“ಗೊತ್ತು ರೊಜೆಲ್ಡಾ. ನಾನೂ ಇದೇ ಕಡಲ ದಂಡೇಲಿ ಹುಟ್ಟಿದವನು. ಈ ಹೂ ಯಾವಾಗ ಅರಳುತ್ತೆ ಅಂತ ನಂಗೊತ್ತಿಲ್ವಾ?”

“ಮತ್ತೆ ದಿನಾ ಯಾಕೆ...?”

“ಗೊತ್ತು ಅಂದ್ಬಿಟ್ಟಿದ್ರೆ ಮಾರನೇ ದಿನ ಏನಂತ ಬೇಲಿ ಹತ್ರ ನಿಂತ್ಕೊಳ್ಳೋದು?” ಅವನ ಕಿವಿ ಕೆಂಪಾಗಿತ್ತು. “ಇವತ್ತು ನೀವು ಹೆಂಗೆ ಬೈದ್ರಿ ಅಂತ ದೋಣೀಲಿ ದಿನಾ ಹೇಳ್ತಿದ್ದೆ. ಹುಚ್ಚು ಹಿಡಿದಿದೆ ನಂಗೆ ಅಂತ ಅವ್ರೆಲ್ಲ ನಗ್ತಿದ್ರು.”

ಅಳಬೇಕೋ ಹೊಡೆಯಬೇಕೋ ತಿಳಿಯದೆ ಅವಳು ನಕ್ಕುಬಿಟ್ಟಳು. ಕಣ್ಣು ಮಾತ್ರ ತುಂಬಿಕೊಂಡಿತ್ತು.

“ಊರಿಗೆ ಹೋಗಿ ಅಮ್ಮನ್ನ ಕರ್ಕೊಂಡು ಬರ್ತೀನಿ, ನಿಮ್ಮ ಔಮಾ ಹತ್ರ ಕೇಳೋಕೆ,” ಎಂದ ಮೆಲ್ಲಗೆ. “ಬರ್ಲಾ?”

“ಬಾ,” ಎಂದಳು. ‘ನೀವು’ ಹೋಗಿ ‘ನೀನು’ ಬಂದದ್ದು ಇಬ್ಬರಿಗೂ ತಿಳಿಯಿತು. “ಆದ್ರೆ ಕತ್ತಲಲ್ಲಿ ಬರ್ಬೇಡ. ಇಷ್ಟು ದಿನ ನಿನ್ನ ಮುಖಾನೂ ನಾನು ಸರಿಯಾಗಿ ನೋಡಿಲ್ಲ.”