ಬಣ್ಣದವಳ ಹೊಸ್ತಿಲು

"ಅದನ್ನ ದಾಟ್ಕೊಂಡು ಹೋಗಿ. ತುಳೀಬೇಡಿ."

ಕ್ಷೌರದಂಗಡಿಯವನು ಕತ್ತರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಹೇಳಿದ.

ಕನ್ನಡಕದಂಗಡಿಯವನು ತಿರುಗಿ ನೋಡಿದ. ತನ್ನನ್ನು ಸಾಕಿ ಬೆಳೆಸಿದ ಅಕ್ಕನೊಂದಿಗೆ ಅವನು ಈ ಬಡಾವಣೆಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಕೆಲಸ ಮುಗಿದ ಮೇಲೆ ಬೀದಿ ಬೀದಿ ಸುತ್ತಿ, ಈ ಗೋಡೆ ಯಾವ ಕಾಲದ್ದು, ಆ ಕಮಾನು ಯಾರು ಕಟ್ಟಿಸಿದ್ದು ಎಂದು ಕಂಡಕಂಡವರನ್ನು ಕೇಳುವುದು ಅವನ ಚಟ. ಇಂದು ಸಿಕ್ಕಿದ್ದು, ಓಣಿಯ ನಟ್ಟನಡುವೆ ಡಾಂಬರಿನಲ್ಲಿ ಅರ್ಧ ಹೂತುಹೋದ ಕಲ್ಲಿನ ಹೊಸ್ತಿಲು. ಗೋಡೆಯಿಲ್ಲ, ಬಾಗಿಲಿಲ್ಲ. ಬರೀ ಹೊಸ್ತಿಲು.

"ಯಾರ ಮನೇದು?"

"ಬಟ್ಟೆಗೆ ಬಣ್ಣ ಹಾಕೋಳು ಒಬ್ಬಳಿದ್ದಳಂತೆ. ರಸ್ತೆ ಅಗಲ ಮಾಡೋಕೆ ಅಂತ, ಒಲೆ ಮೇಲೆ ಬಣ್ಣ ಕುದೀತಿರುವಾಗ್ಲೇ ಮನೆ ಕೆಡವಿದ್ರು. ಅವಳು ತಲೆಗೂದಲು ಕತ್ತರಿಸಿ, ಬೀಗದ ಕೈಗೆ ಸುತ್ತಿ, ಇದರಡಿ ಹೂತಳು. ತುಳಿದವರಿಗೆ ತಮ್ಮ ಮನೆ ಸಿಗದೇ ಹೋಗಲಿ ಅಂತ." ಅವನ ದನಿ ಇಳಿಯಿತು. "ಕಲ್ಲು ಕೀಳೋಕೆ ಬಂದೋರೂ ಹಾಗೇ ಅಲೀತಾ ಹೋದ್ರಂತೆ."

"ಒಳ್ಳೇದೇ ಆಯ್ತಲ್ಲ. ಅಕ್ಕನ ಬೈಗುಳ ತಪ್ಪುತ್ತೆ."

ನಗುತ್ತಾ ಎರಡೂ ಕಾಲನ್ನು ಕಲ್ಲಿನ ಮೇಲೆ ಊರಿ ನಿಂತ. ಕ್ಷೌರದವನು ಒಳಗೆ ಹೋಗಿ ಕದ ಎಳೆದುಕೊಂಡ.

ಹೊರಟಾಗ ಮುಸ್ಸಂಜೆ. ಬೇಕರಿ ದಾಟಿ, ಚಪ್ಪಲಿ ಹೊಲಿಯುವವನ ಮೂಲೆ ತಿರುಗಿದರೆ ಮನೆ. ತಿರುಗಿದ. ಎದುರಿಗೆ ಅದೇ ಓಣಿ. ಎಲ್ಲೋ ಯೋಚಿಸುತ್ತಾ ದಾರಿ ತಪ್ಪಿದೆ ಎಂದುಕೊಂಡು ಹಿಂತಿರುಗಿದ. ಮತ್ತೆ ಬೇಕರಿ, ಮತ್ತೆ ಮೂಲೆ, ಮತ್ತೆ ಓಣಿ. ಗಾಳಿಯಲ್ಲಿ ಹುಳಿತ ಬಣ್ಣದ ವಾಸನೆ, ಅದರ ಬೆನ್ನಿಗೇ ಸುಟ್ಟ ಕೂದಲಿನ ಕಮಟು. ನೆಲದಡಿ ಏನೋ ಕುದಿಯುವ ಗುಳುಗುಳು ಸದ್ದು. ಬೀದಿದೀಪ ಹತ್ತಲಿಲ್ಲ. ಓಡಿದ. ಬೇಕರಿಯಿಲ್ಲ. ಮೂಲೆಯಿಲ್ಲ. ಓಣಿ. ಓಣಿ. ಕಾಲು ತಾನಾಗಿ ಕಲ್ಲಿನ ಮೇಲೆ ಬಿತ್ತು. ಎತ್ತಿದ. ಏಳಲಿಲ್ಲ.

ಅಕ್ಕನಿಗೆ ಫೋನ್ ಮಾಡಿದ. "ಅಕ್ಕಾ, ದಾರಿ ಸಿಗ್ತಿಲ್ಲ. ಕ್ಷೌರದಂಗಡಿ ಓಣೀಲಿದ್ದೀನಿ."

"ಕೂಗಿದ್ರೆ ಕೇಳೋಷ್ಟು ಹತ್ರದಲ್ಲೇ ದಾರಿ ತಪ್ಪಿದ್ಯೇನೋ ಕತ್ತೆ? ಅಲ್ಲೇ ನಿಂತಿರು, ಬಂದೆ."

ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆಯದೆ ಬಂದಳು. "ಹತ್ರ ಬರಬೇಡ ಅಕ್ಕ, ಕಲ್ಲು..." ಎನ್ನುವಷ್ಟರಲ್ಲಿ ಹೊಸ್ತಿಲು ಹತ್ತಿ ಅವನ ರಟ್ಟೆ ಹಿಡಿದಿದ್ದಳು. ಕುದಿತ ನಿಂತಿತು. ಅವನ ಕಾಲು ಸಡಿಲವಾಯಿತು. ಬೀದಿದೀಪಗಳು ಒಟ್ಟಿಗೆ ಹತ್ತಿಕೊಂಡವು. ಅಕ್ಕನ ಕೈ ಬಿಡದೆ ಎಳೆದುಕೊಂಡೇ ನಡೆದ. ಬೇಕರಿ, ಮೂಲೆ, ಮನೆ.

ಬಾಗಿಲು ತೆರೆದೇ ಇತ್ತು. ಒಳಗೆ ಅವಳು ನಾದುತ್ತಿದ್ದ ಹಿಟ್ಟು. ಅವನಿಗೆ ಅಳು ಬಂತು.

ಅಕ್ಕ ಮೆಟ್ಟಿಲ ಕೆಳಗೇ ನಿಂತಳು. "ಇದು ಯಾರ ಮನೆ?"

"ನಮ್ದೇ ಅಕ್ಕ. ಬಾ ಒಳಗೆ."

ಅವಳು ಸಂಕೋಚದಿಂದ ಬಂದು, ಕುರ್ಚಿಯ ತುದಿಯಲ್ಲಿ ಕೂತಳು. ಅವನು ಕೊಟ್ಟ ನೀರನ್ನು ಕುಡಿದು, ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

ಈಗ ದಿನವೂ ಹೊತ್ತಿಳಿಯುತ್ತಿದ್ದಂತೆ ಅಕ್ಕ ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. "ತುಂಬ ಉಪಕಾರ ಆಯ್ತು. ಮನೇಲಿ ತಮ್ಮ ಒಬ್ನೇ ಇದ್ದಾನೆ, ಹೊರಡ್ತೀನಿ." ತಡೆದರೆ ಕಿರುಚುತ್ತಾಳೆ. ಅವನು ಚಪ್ಪಲಿ ಮೆಟ್ಟಿ ಜೊತೆಗೆ ನಡೆಯುತ್ತಾನೆ. ಬೀದಿ ಬೀದಿ. ಪ್ರತಿ ಬಾಗಿಲ ಮುಂದೆಯೂ ಅವಳು ನಿಂತು ನೋಡುತ್ತಾಳೆ, ತಲೆಯಾಡಿಸುತ್ತಾಳೆ, ಅವನತ್ತ ತಿರುಗುತ್ತಾಳೆ.

"ಪಾಪ, ನಿಮಗೂ ತೊಂದರೆ. ನಿಮ್ಮ ಮನೇಲಿ ಯಾರೂ ಕಾಯ್ತಿಲ್ವಾ?"