ನಾಲ್ಕನೇ ಪ್ರಶ್ನೆ

"ಯಾರು ನಿಲ್ಲಿಸಿದ್ದು?"

ಆ ದೇಶದ ಭಾಷೆಯಲ್ಲಿ, ಗಟ್ಟಿ ದನಿಯಲ್ಲಿ ಬಂದ ಪ್ರಶ್ನೆ ಅದು. ಆಸ್ಪತ್ರೆಗಳ ಬಟ್ಟೆ ಒಗೆದು ಕೊಡುವ ದೊಡ್ಡ ಕಾರ್ಖಾನೆ. ಬೆಡ್‌ಶೀಟ್ ಮಡಿಸುವ ಯಂತ್ರ ಇದ್ದಕ್ಕಿದ್ದಂತೆ ನಿಂತುಬಿಟ್ಟಿತ್ತು. ಹನ್ನೊಂದು ಜನ ಕೆಲಸ ಬಿಟ್ಟು ಒಬ್ಬಳ ಮುಖವನ್ನೇ ನೋಡುತ್ತಿದ್ದರು. ಅವಳ ಕೈ ಇನ್ನೂ ಕೆಂಪು ಗುಂಡಿಯ ಮೇಲೇ ಇತ್ತು.

ಕೆಲಸಕ್ಕೆ ಸೇರಿ ಮೂರು ದಿನ. ಆ ದೇಶಕ್ಕೆ ಬಂದು ಹತ್ತೊಂಬತ್ತು ದಿನ. ಕಷ್ಟಪಟ್ಟು ಕಲಿತಿದ್ದ ಭಾಷೆಯೆಲ್ಲ ಹೆದರಿಕೆಗೆ ಹಾರಿಹೋಗಿ, ಬಾಯಿಗೆ ಬಂದದ್ದು ಕನ್ನಡ.

"ನಾನೇ..."

ಅಂದವಳು ನಾಲಿಗೆ ಕಚ್ಚಿಕೊಂಡಳು. ಎದುರಿಗೆ ನಿಂತಿದ್ದ ಸೂಪರ್‌ವೈಸರ್ ಅವಳತ್ತ ಒಂದು ಹೆಜ್ಜೆ ಬಂದ. ಆಮೇಲೆ ಅವನೂ ಕನ್ನಡದಲ್ಲೇ ಕೇಳಿದ.

"ಯಾಕೆ?"

ಆ ಒಂದು ಮಾತಿಗೆ ಅವಳ ಕಣ್ಣು ತುಂಬಿಬಂತು. ಬೈದರೂ ಪರವಾಗಿಲ್ಲ, ನಮ್ಮ ಮಾತಿನಲ್ಲಿ ಬೈಯುತ್ತಾನಲ್ಲ ಅನ್ನಿಸಿತು!

ಅವಳು ಬೆಡ್‌ಶೀಟೊಂದರ ಅಂಚು ಎತ್ತಿ ತೋರಿಸಿದಳು. ಹೊಲಿಗೆ ಬಿಚ್ಚಿ ದಾರ ಜೋತಾಡುತ್ತಿತ್ತು. ಇಂಥವು ಒಂದರ ಹಿಂದೊಂದು ಹೋಗುತ್ತಿವೆ, ರೋಗಿಗಳ ಕಾಲು ಸಿಕ್ಕಿಕೊಂಡರೆ ಬೀಳುತ್ತಾರೆ ಎಂದಳು. ಅವನು ರಾಶಿಯನ್ನು ಕೆದಕಿ ನೋಡಿದ. ಹದಿನಾಲ್ಕು ಸಿಕ್ಕವು.

"ಓಡೋ ಯಂತ್ರದಲ್ಲಿ ದಾರ ಹೇಗೆ ಕಾಣಿಸ್ತು ನಿಮಗೆ?"

"ನನಗೆ ಮೊದಲು ಕಾಣೋದೇ ದಾರ."

ಅದೇಕೆಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅವನು ಯಂತ್ರ ಶುರು ಮಾಡಿಸಿ ಹೋದ. ಅವನ ಅಂಗಿಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಮನೆಗೆ ಹೋಗಿ ಅಕ್ಕನಿಗೆ ಇದನ್ನೆಲ್ಲ ಹೇಳುತ್ತಾ ಅವನನ್ನು ಇಸ್ತ್ರಿ ಎಂದಳು. ಆ ಹೆಸರೇ ನಿಂತುಬಿಟ್ಟಿತು.

ಅಕ್ಕ ಅಂದರೆ ದೊಡ್ಡಮ್ಮನ ಮಗಳು. ಅಕ್ಕ, ಭಾವ, ಇವಳು ಮೂರೂ ಜನ ಎರಡು ಕೋಣೆಯ ಮನೆಯಲ್ಲಿದ್ದರು. ಮೂವರದೂ ಬೇರೆ ಬೇರೆ ಪಾಳಿ. ಒಬ್ಬರು ಬರುವ ಹೊತ್ತಿಗೆ ಇನ್ನೊಬ್ಬರಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲೇ ಸಂಸಾರ ನಡೆಯುತ್ತಿತ್ತು. ಮೊದಲ ತಿಂಗಳು ಅವಳು ನಾಲ್ಕು ಸಲ ತಪ್ಪು ಸ್ಟಾಪಿನಲ್ಲಿ ಇಳಿದಳು. ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲವೆಂದು, ಬಿಸಿಲಿದ್ದರೂ ಚಳಿಯಿರುತ್ತದೆಂದು, ಪಕ್ಕದ ಮನೆಯವರ ಬಾಗಿಲು ಸುಮ್ಮನೆ ತಟ್ಟಬಾರದೆಂದು ಒಂದೊಂದನ್ನೂ ಪೆಟ್ಟು ತಿಂದೇ ಕಲಿತಳು.

ಅವಳು ಬಂದದ್ದು ಬೆಡ್‌ಶೀಟ್ ಮಡಿಸುವುದಕ್ಕಲ್ಲ. ಬಿಸಿನೆಸ್ ಸ್ಕೂಲ್ ಸೇರುವುದಕ್ಕೆ. ಊರಿನಲ್ಲಿ ಅಪ್ಪನದೊಂದು ಶಾಲೆ ಬ್ಯಾಗ್ ಹೊಲಿಯುವ ಕಾರ್ಖಾನೆಯಿತ್ತು. ಹತ್ತೊಂಬತ್ತು ಹೆಂಗಸರು ಹೊಲಿಯುತ್ತಿದ್ದರು. ಎರಡು ವರ್ಷದ ಹಿಂದೆ ಅದು ಮುಚ್ಚಿತು, ಅದೇ ವರ್ಷ ಅಪ್ಪನೂ ಹೋದರು. ಓದಿಕೊಂಡು ಹೋಗಿ ಆ ಬಾಗಿಲನ್ನು ಮತ್ತೆ ತೆರೆಯಬೇಕು, ಇದೊಂದೇ ಅವಳ ಹಟ.

"ಇಪ್ಪತ್ತೊಂಬತ್ತು ವರ್ಷಕ್ಕೆ ಮತ್ತೆ ಸ್ಕೂಲಾ? ನಿನ್ನ ವಯಸ್ಸಿನವರು ಮಕ್ಕಳನ್ನ ಸ್ಕೂಲಿಗೆ ಬಿಡ್ತಾರೆ ಕಣೇ," ಎಂದು ಅಕ್ಕ ರೇಗಿಸಿದಳು. ರೇಗಿಸುತ್ತಲೇ ಮೇಜಿನ ಮೇಲೆ ಅವಳ ಪುಸ್ತಕಗಳಿಗೆ ಜಾಗ ಮಾಡಿಕೊಟ್ಟಳು.

ಕಾರ್ಖಾನೆಯಲ್ಲಿ ಇಸ್ತ್ರಿ ಅವಳಿಗೆ ಇಟ್ಟ ಹೆಸರು ಪ್ರಶ್ನೆಪತ್ರಿಕೆ. ಈ ಗಾಡಿ ಅಲ್ಲಿಗೇಕೆ ಹೋಗುತ್ತದೆ, ಹರಿದದ್ದನ್ನು ಒಗೆದ ಮೇಲೆ ಯಾಕೆ ಆರಿಸುತ್ತೀರಿ, ಮೊದಲೇ ಆರಿಸಿದರೆ ಏನಾಗುತ್ತದೆ... ಅವಳ ಬಾಯಿಗೆ ಬೀಗವೇ ಇರಲಿಲ್ಲ. ಕೊನೆಗೆ ಒಂದು ದಿನ ಅವನು ಅವಳು ಹೇಳಿದಂತೆಯೇ ಮಾಡಿ ನೋಡಿದ. ಎರಡು ತಿಂಗಳಲ್ಲಿ ಆಸ್ಪತ್ರೆಗಳಿಂದ ವಾಪಸು ಬರುವ ಬಟ್ಟೆ ಅರ್ಧಕ್ಕರ್ಧ ಕಡಿಮೆಯಾಯಿತು. ಇದು ಈಕೆಯ ತಲೆಯಿಂದ ಬಂದದ್ದು ಎಂದು ಅವನು ಮ್ಯಾನೇಜರ್ ಮೇಡಂ ಎದುರು ಎಲ್ಲರಿಗೂ ಕೇಳುವಂತೆ ಹೇಳಿದ.

ಅರ್ಜಿಯ ವಿಷಯ ಮೊದಲು ಹೇಳಿದ್ದೂ ಅವನಿಗೇ. ಮಧ್ಯಾಹ್ನದ ಅರ್ಧ ಗಂಟೆ ಬಿಡುವಿನಲ್ಲಿ, ಕಾರ್ಖಾನೆಯ ಹಿಂದಿನ ಬೆಂಚಿನ ಮೇಲೆ ಕೂತು, ಅವನು ಅವಳ ಪ್ರಬಂಧಗಳನ್ನು ಓದತೊಡಗಿದ. ಅವನು ಆ ದೇಶಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಅಲ್ಲಿಯವರ ರೀತಿ ನೀತಿ ಗೊತ್ತಿತ್ತು.

"ಎಲ್ಲಾ ಕಡೆ 'ನಾವು' ಅಂತ ಬರೆದಿದ್ದೀರಲ್ಲ. 'ನಾನು' ಅಂತ ಬರೀಬೇಕು. ನಾನು ಮಾಡಿದೆ, ನಾನು ಗೆದ್ದೆ, ಹಾಗೆ."

"ನಾನು ನಾನು ಅನ್ನೋರನ್ನ ನಮ್ಮಲ್ಲಿ ಮದುವೆಗೂ ಕರೆಯಲ್ಲ."

ಅವನು ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅವತ್ತೇ ಮೊದಲು. ಮರುದಿನದಿಂದ ಊಟದ ಗಂಟೆ ಯಾವಾಗ ಹೊಡೆದೀತೆಂದು ಅವಳು ಗಡಿಯಾರ ನೋಡತೊಡಗಿದಳು. ಇದೇನಿದು ನನಗೆ, ಓದಲು ಬಂದವಳು ತಾನೇ ನಾನು ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಹೇಳಿದ ಬುದ್ಧಿ ನಿಲ್ಲಲಿಲ್ಲ.

ಅರ್ಜಿಗೆ ಒಂದು ಶಿಫಾರಸು ಪತ್ರ ಬೇಕಿತ್ತು. ಕೆಲಸ ಮಾಡಿಸಿದವರು ಬರೆದು ನೇರವಾಗಿ ಸ್ಕೂಲಿಗೇ ಕಳಿಸಬೇಕು. ಅವನಲ್ಲದೆ ಇನ್ನಾರು? ಬರೆಯುತ್ತೇನೆಂದು ಅವನು ಒಪ್ಪಿಕೊಂಡ. ಸೋಮವಾರ ಕೊನೆಯ ದಿನ. ಗುರುವಾರ ಅವಳು ಕೊನೆಯ ಪ್ರಬಂಧ ಅವನ ಕೈಗಿಟ್ಟಳು. 'ನಿಮ್ಮ ಒಂದು ಸೋಲಿನ ಬಗ್ಗೆ ಬರೆಯಿರಿ' ಎಂಬ ಪ್ರಶ್ನೆ ಅದು.

ಅವನು ಎರಡು ಸಲ ಓದಿದ.

"ದಾರ ಬದಲಾಯಿಸಿದ್ದು ನಿಮ್ಮಪ್ಪ ಅಂತ ಬರೆದಿದ್ದೀರಿ. ಇದು ಅವರ ಸೋಲಾಯ್ತು. ಅವರು ಕೇಳಿರೋದು ನಿಮ್ಮದು."

ಅವಳು ಕಾಗದವನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ, ಯಾರಿಗೂ ಹೇಳದಿದ್ದದ್ದು ಹೊರಗೆ ಬಂತು.

ಆ ವರ್ಷ ಶಾಲೆ ಶುರುವಾಗಲು ಹತ್ತು ದಿನವಿತ್ತು. ಅಪ್ಪ ನೆಂಟರ ಮದುವೆಗೆ ಹೋಗಿದ್ದರು. ಯಾವಾಗಲೂ ತರಿಸುವ ದಾರ ಬರಲಿಲ್ಲ. ಅವಳೇ ಬೇರೊಂದು ದಾರ ತರಿಸಿ, ಎಳೆದೂ ನೋಡದೆ, ಎರಡು ಸಾವಿರ ಬ್ಯಾಗ್ ಹೊಲಿಸಿಬಿಟ್ಟಳು. ಶಾಲೆ ಶುರುವಾದ ಮೊದಲ ವಾರವೇ ಪಟ್ಟಿಗಳು ಕಿತ್ತುಬಂದವು. ಪುಟ್ಟ ಪುಟ್ಟ ಮಕ್ಕಳು ಬ್ಯಾಗನ್ನು ಎದೆಗವಚಿಕೊಂಡು ಶಾಲೆಗೆ ಹೋಗುತ್ತಿದ್ದರು. ಅಪ್ಪ ಒಂದೊಂದು ಶಾಲೆಗೂ ತಾವೇ ಹೋಗಿ, ಕೈಮುಗಿದು, ತಪ್ಪು ನನ್ನದು ಎಂದರು. ಅವಳು ಅವರ ಪಕ್ಕದಲ್ಲೇ ನಿಂತಿದ್ದಳು.

"ಬಾಯಿ ಬಿಡಲಿಲ್ಲ ನಾನು. ಒಂದು ಶಾಲೇಲೂ ಬಿಡಲಿಲ್ಲ. ಕಾರ್ಖಾನೆ ಮುಚ್ಚಿಹೋಯ್ತು, ಆರು ತಿಂಗಳಲ್ಲಿ ಅಪ್ಪ ಹೋದರು. ಅಮ್ಮನಿಗೂ ಹೇಳಿಲ್ಲ. ಈಗ ಇದರಲ್ಲೂ ಅವರ ಮೇಲೇ ಹಾಕಿದ್ದೀನಿ... ಎದ್ದು ಬಂದು ಇಲ್ಲ ಅನ್ನಲ್ಲ ಅನ್ನೋ ಧೈರ್ಯ ನೋಡಿ."

ಅವನು ಅವಳ ಮುಖ ನೋಡುತ್ತಲೇ ಇದ್ದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಇಬ್ಬರೂ ಎದ್ದು ಒಳಗೆ ಹೋದರು.

ಮರುದಿನ ಅವನು ಅವಳ ಕಣ್ಣು ತಪ್ಪಿಸಿ ನಿಂತು ಹೇಳಿದ.

"ಆ ಪತ್ರ ನನ್ನ ಕೈಲಿ ಬರೆಯೋಕೆ ಆಗಲ್ಲ. ಮೇಡಂಗೆ ಸಂದೇಶ ಕಳಿಸಿದ್ದೀನಿ, ಅವರು ಬರೀತಾರೆ."

"ಯಾಕೆ?"

"ಆಗಲ್ಲ... ಅಷ್ಟೇ."

ಯಾಕೆಂದು ಮತ್ತೆ ಕೇಳುವ ಅಗತ್ಯವೇ ಇರಲಿಲ್ಲ. ಸತ್ತ ತಂದೆಯ ಮೇಲೆ ಗೂಬೆ ಕೂರಿಸಿದವಳ ಬಗ್ಗೆ ಯಾರು ತಾನೇ ಒಳ್ಳೆಯ ಮಾತು ಬರೆದಾರು? ನನ್ನ ನಿಜ ತಿಳಿದವರು ನನ್ನನ್ನು ಹೀಗೇ ನೋಡುವುದು, ಇನ್ನು ಜನ್ಮದಲ್ಲಿ ಯಾರಿಗೂ ಹೇಳಬಾರದು ಎಂದುಕೊಂಡಳು.

ಅವಳ ಗ್ರಹಚಾರಕ್ಕೆ ಮೇಡಂ ಅವತ್ತೇ ಆಪರೇಷನ್ನಿಗೆಂದು ರಜೆ ಹಾಕಿದ್ದರು. ಅವನ ಸಂದೇಶ ತೆರೆಯುವ ಹೊತ್ತಿಗೆ ಬುಧವಾರ. ಪತ್ರವಿಲ್ಲದ ಅರ್ಜಿಯನ್ನು ಸ್ಕೂಲಿನವರು ಬದಿಗಿಟ್ಟರು. ಮುಂದಿನ ಸುತ್ತಿಗೆ ಮತ್ತೆ ಪ್ರಯತ್ನಿಸಿ ಎಂದು ಎರಡು ಸಾಲು ಬಂತು. ಆ ದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಅಕ್ಕ ಪಾಳಿ ಬಿಟ್ಟು ಬಂದು ಪಕ್ಕದಲ್ಲಿ ಕೂತು ತಲೆ ಸವರಿದಳು.

ಆಮೇಲೆ ಅವಳು ಆ ಬೆಂಚಿನ ಕಡೆ ಹೋಗಲಿಲ್ಲ. ಪ್ರಶ್ನೆ ಕೇಳುವುದನ್ನೂ ಬಿಟ್ಟಳು. ಮೂರು ವಾರಕ್ಕೆ ಅವನಿಗೆ ಬೇರೆ ಊರಿನ ಶಾಖೆಗೆ ವರ್ಗವಾಯಿತು. ತಾನೇ ಕೇಳಿ ಹಾಕಿಸಿಕೊಂಡನಂತೆ. ಕೊನೆಯ ದಿನ ಅವಳ ಗಾಡಿಯ ಹತ್ತಿರ ಬಂದು, "ಹೋಗಿ ಬರ್ತೀನಿ" ಎಂದ.

ಹೋಗಿ ಬನ್ನಿ ಅನ್ನಬೇಕು. ಶತ್ರು ಹೊರಟು ನಿಂತರೂ ಅನ್ನುವ ಮಾತದು. ಅವಳು ತಲೆ ತಗ್ಗಿಸಿ ದಿಂಬಿನ ಕವರುಗಳನ್ನು ಎಣಿಸುತ್ತಿದ್ದಳು. ಅವನು ಸ್ವಲ್ಪ ಹೊತ್ತು ನಿಂತು ಹೊರಟುಹೋದ. ಎಷ್ಟು ಎಣಿಸಿದ್ದಳೋ ಅವಳಿಗೇ ಗೊತ್ತಾಗಲಿಲ್ಲ.

ಎರಡನೇ ಸುತ್ತಿನ ಅರ್ಜಿ ತೆರೆದಾಗ ಅದೇ ಪ್ರಶ್ನೆ ಮತ್ತೆ ಎದುರಾಯಿತು. ಹಳೆಯ ಪ್ರಬಂಧವನ್ನೇ ಕಳಿಸಬಹುದಿತ್ತು. ಕೈ ಬರಲಿಲ್ಲ. ಅವಳು ಮೊದಲು ಅಮ್ಮನಿಗೆ ಫೋನ್ ಮಾಡಿದಳು. ದಾರ ತರಿಸಿದ್ದು ನಾನು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

"ಗೊತ್ತಿತ್ತು ಮಗಳೇ," ಎಂದರು ಅಮ್ಮ. "ಅವತ್ತೇ ಹೇಳಿದ್ದರು ನಿಮ್ಮಪ್ಪ. ಅವಳಾಗಿ ಹೇಳೋವರೆಗೂ ನೀನು ಕೇಳಬೇಡ, ಮಗು ನೊಂದುಕೊಳ್ಳುತ್ತೆ ಅಂದಿದ್ದರು. ಎರಡು ವರ್ಷ ಕಾದೆ ಕಣೇ ನಾನು."

ಅಪ್ಪ ಹೋದಾಗಲೂ ಬಾರದ ಅಳು ಅವಳಿಗೆ ಆಗ ಬಂತು.

ಆ ಪ್ರಬಂಧವನ್ನು ಅವಳು ಯಾರಿಗೂ ತೋರಿಸದೆ ಬರೆದಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ 'ನಾನು' ಎಂದೇ ಬರೆದಳು. ಮೇಡಂ ಈ ಸಲ ಹೊತ್ತಿಗೆ ಸರಿಯಾಗಿ ಪತ್ರ ಕಳಿಸಿದರು. ಚಳಿ ಇಳಿದು ಮರಗಳು ಚಿಗುರುವ ಹೊತ್ತಿಗೆ ಸೀಟು ಸಿಕ್ಕಿತು. ಸ್ಕೂಲು ದೂರದ ಊರಿನಲ್ಲಿ, ರೈಲಿನಲ್ಲಿ ಒಂದು ಹಗಲಿನ ದಾರಿ. ಎರಡು ವರ್ಷದ ಓದು. ಹದಿನೈದು ದಿನದಲ್ಲಿ ಹೊರಡಬೇಕಿತ್ತು.

ಕೆಲಸ ಬಿಡುವ ಪತ್ರ ಕೊಡಲು ಹೋದಾಗ ಮೇಡಂ ಎದ್ದು ಬಂದು ಕೈ ಹಿಡಿದುಕೊಂಡರು. ನನ್ನ ಪತ್ರಕ್ಕಿಂತ ಆತನದೇ ಚೆನ್ನಾಗಿರುತ್ತಿತ್ತು ಎಂದರು. ಅವಳ ಮುಖ ಬಾಡಿದ್ದನ್ನು ನೋಡಿ, ಆತ ನಿನಗೆ ಇನ್ನೂ ಹೇಳಿಲ್ಲವೇ ಎಂದು ಆಶ್ಚರ್ಯಪಟ್ಟರು. ನೀನು ಇಲ್ಲಿ ಕೆಲಸದಲ್ಲಿರುವವರೆಗೂ ನಾನು ಹೇಳಬಾರದೆಂದು ಆತ ಮಾತು ತೆಗೆದುಕೊಂಡಿದ್ದ, ಈಗ ಹೇಳಿದರೆ ತಪ್ಪಿಲ್ಲ ಎಂದು ಕಂಪ್ಯೂಟರಿನಲ್ಲಿ ಆ ಶಿಫಾರಸು ಪತ್ರದ ನಮೂನೆ ತೆರೆದು ತೋರಿಸಿದರು. ಬರೆಯುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆಗಳು ಅದರಲ್ಲಿದ್ದವು. ನಾಲ್ಕನೆಯದು ಹೀಗಿತ್ತು: ಅರ್ಜಿದಾರರ ಜೊತೆ ನಿಮಗೆ ರಕ್ತಸಂಬಂಧವಾಗಲಿ, ನಿಮ್ಮ ಅಭಿಪ್ರಾಯದ ಮೇಲೆ ಪರಿಣಾಮ ಬೀರುವಂಥ ಆತ್ಮೀಯ ಭಾವನೆಯಾಗಲಿ ಇದೆಯೇ? ಹೌದು ಎಂದರೆ ಆ ಪತ್ರವನ್ನು ಪರಿಗಣಿಸುವುದಿಲ್ಲ.

"ಎರಡನೇ ಸುತ್ತಿಗಾದ್ರೂ ನೀನೇ ಬರಿ, ಇಲ್ಲ ಅಂತ ಒತ್ತಿಬಿಡು, ಯಾರು ನೋಡ್ತಾರೆ ಅಂದೆ," ಎಂದರು ಮೇಡಂ. "ಸುಳ್ಳು ಹೇಳಿ ಆಕೆಗೆ ಸೀಟು ಕೊಡಿಸಲ್ಲ ಅಂದ."

ಶನಿವಾರ ಬೆಳಗಿನ ಮೊದಲ ಬಸ್ಸಿಗೇ ಅವಳು ಹೊರಟಳು. ಎರಡೂವರೆ ಗಂಟೆಯ ದಾರಿ. ಹೋಗಿ ಏನೆನ್ನಲಿ? ಇಷ್ಟು ದಿನದಲ್ಲಿ ಅವನ ಮನಸ್ಸು ಬದಲಾಗಿದ್ದರೆ? ಹೋಗಿ ಬನ್ನಿ ಎಂದು ಕೂಡ ಅನ್ನದವಳನ್ನು ಯಾರು ನೆನಪಿಟ್ಟುಕೊಂಡಾರು?

ಶಾಖೆಯ ಗೇಟಿನ ಹತ್ತಿರ ಅವಳು ತುಂಬ ಹೊತ್ತು ಕಾದಳು. ಮಧ್ಯಾಹ್ನ ಪಾಳಿ ಬಿಟ್ಟಾಗ ಅವನು ಹೊರಗೆ ಬಂದ. ತುಸು ಇಳಿದುಹೋಗಿದ್ದ. ಅವಳನ್ನು ಕಂಡವನೇ ನಿಂತಲ್ಲೇ ನಿಂತ.

"ಸೀಟು ಸಿಕ್ತು," ಎಂದಳು. ಅಂದುಕೊಂಡು ಬಂದ ಮಾತೇ ಬೇರೆ ಇತ್ತು.

"ಸಂತೋಷ... ತುಂಬ ಸಂತೋಷ." ನಿಜವಾಗಿಯೂ ಸಂತೋಷಪಟ್ಟ. "ಯಾವಾಗ ಹೊರಡೋದು?"

"ಇನ್ನು ಹನ್ನೆರಡು ದಿನಕ್ಕೆ. ಮೇಡಂ ಎಲ್ಲಾ ಹೇಳಿದ್ರು."

ಅವನು ನೆಲ ನೋಡಿದ.

"ನನ್ನ ಕಂಡ್ರೆ ನಿಮಗೆ ಅಸಹ್ಯ ಆಗಿದೆ ಅಂದ್ಕೊಂಡಿದ್ದೆ," ಎಂದಳು. "ಅಪ್ಪನ ವಿಷಯ ಕೇಳಿದ ಮೇಲೆ."

"ಅಸಹ್ಯನಾ?" ಅವನು ತಲೆ ಎತ್ತಿದ. "ಅದನ್ನ ಕೇಳೋಕೆ ಮುಂಚೆ ಆಗಿದ್ರೆ ಆ ಪ್ರಶ್ನೆಗೆ ಇಲ್ಲ ಅಂತ ಒತ್ತಿಬಿಡ್ತಿದ್ದೆನೇನೋ. ಕೇಳಿದ ಮೇಲೆ ಆಗಲಿಲ್ಲ. ಅವತ್ತು ನೀವು ಅಳದೆ ಕೂತಿದ್ರಲ್ಲ... ಅವತ್ತೇ ನನಗೆ ಗೊತ್ತಾಗಿದ್ದು."

"ಅಷ್ಟನ್ನ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ನಿಮ್ಮ ಹಾಜರಿ ಹಾಕೋನು ನಾನು. ನಾನು ಕೇಳಿದ್ರೆ ಬೇಡ ಅನ್ನೋದು ನಿಮಗೆ ಕಷ್ಟ ಆಗ್ತಿತ್ತು. ಮೇಡಂ ರಜೆ ಅಂತ ಗೊತ್ತಿರಲಿಲ್ಲ ನನಗೆ. ನಿಮ್ಮ ಅರ್ಧ ವರ್ಷ ನನ್ನಿಂದ ಹಾಳಾಯ್ತು."

ಇಬ್ಬರೂ ಗೋಡೆಯ ಪಕ್ಕ ನಿಂತರು. ಪಾಳಿ ಮುಗಿಸಿದವರು ಅವರನ್ನು ಬಳಸಿಕೊಂಡು ಹೋಗುತ್ತಿದ್ದರು. ಐದು ತಿಂಗಳು... ಎರಡೂವರೆ ಗಂಟೆಯ ದೂರದಲ್ಲಿ, ಒಬ್ಬರ ಮನಸ್ಸು ಒಬ್ಬರಿಗೆ ಗೊತ್ತಿಲ್ಲದೆ ಕಳೆದುಹೋದವು. ಈಗ ಉಳಿದದ್ದು ಹನ್ನೆರಡು ದಿನ.

"ನಾನೀಗ ನಿಮ್ಮ ಕೈಕೆಳಗೆ ಇಲ್ಲ," ಎಂದಳು ಮೆಲ್ಲಗೆ. "ಈಗ ಕೇಳಬಹುದು."

"ಕೇಳಿದ್ರೆ ಓದು ಬಿಟ್ಟುಬಿಡ್ತೀರಾ?"

"ಇಲ್ಲ. ಓದು ಬಿಡಲ್ಲ. ಆಮೇಲೂ ಆ ಕಾರ್ಖಾನೆ ಬಾಗಿಲು ತೆಗೆಯೋಕೆ ವಾಪಸು ಹೋಗೋಳು ನಾನು. ನನಗೂ ನಿಮ್ಮನ್ನ ಕಂಡ್ರೆ ಇಷ್ಟ. ಬಹಳ ಇಷ್ಟ. ಆದ್ರೂ ಹೋಗ್ತೀನಿ."

ಅವನು ತಲೆಯಾಡಿಸಿದ. ಅವನ ಕಣ್ಣಂಚು ಒದ್ದೆಯಾಗಿತ್ತು. ಆಗ ಅವನು ಕೇಳಿದ್ದು ಅವಳು ಕಾದಿದ್ದ ಪ್ರಶ್ನೆಯನ್ನಲ್ಲ.

"ಊಟ ಆಯ್ತಾ?"

ಆ ದೇಶಕ್ಕೆ ಬಂದಾಗಿನಿಂದ ಆ ಮಾತನ್ನು ಎದುರಿಗೆ ನಿಂತು ಯಾರೂ ಕೇಳಿರಲಿಲ್ಲ. ಅವಳು ಇಲ್ಲ ಎಂದು ತಲೆಯಾಡಿಸಿದಳು, ಆಡಿಸುತ್ತಲೇ ಅತ್ತಳು. ಅವನು ಮೊದಲ ಸಲ ಅವಳ ಕೈ ಹಿಡಿದ.

"ನಂದೂ ಆಗಿಲ್ಲ," ಎಂದ. "ಬನ್ನಿ, ಮನೆಗೆ ಹೋಗೋಣ. ಅನ್ನಕ್ಕಿಡ್ತೀನಿ."