ಮೂರು ನಿಮಿಷದ ತಡ

ಮೈಕ್ ಮುಟ್ಟುವ ಮುಂಚೆ ಒಂದು ಮಾತು ಕೇಳಿ ಎಂದು ಸೌಂಡ್ ಎಂಜಿನಿಯರ್ ಹೆಂಗಸು ಅಡ್ಡ ನಿಂತಾಗ ಹೊಸ ಕಾಮೆಂಟರಿಗಾರನಿಗೆ ನಗು ತಡೆಯಲಾಗಲಿಲ್ಲ. ವಿಡಿಯೊ ಗೇಮ್ ಟೂರ್ನಿಗಳಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಪಟಾಕಿ ಎಂದು. ಬಾಯಿ ಬಿಟ್ಟರೆ ಸರ ಹಚ್ಚಿದ ಹಾಗೆ ಸಿಡಿಯುತ್ತಿದ್ದ. ಎದುರಿಗಿದ್ದವರ ಮೈ ಸುಟ್ಟಿತೇ ಎಂದು ತಿರುಗಿ ನೋಡುವ ಜಾಯಮಾನ ಮಾತ್ರ ಅವನದಾಗಿರಲಿಲ್ಲ.

ಅವಳು ಮೈಕಿನ ಕರಿ ಸ್ಪಂಜನ್ನು ಬೆರಳ ತುದಿಯಿಂದ ಎತ್ತಿ ತೋರಿಸಿದಳು. ಒಳಗೆ ಗಂಟು ಗಂಟಾದ ಕಪ್ಪು ದಾರ, ದಾರಕ್ಕೆ ಹೆಣೆದ ಉದ್ದನೆಯ ಕೂದಲು. ಗಾಳಿಯಾಡದ ಆ ಪುಟ್ಟ ಕೋಣೆಯಲ್ಲಿ ಕೂದಲು ಸುಟ್ಟ ವಾಸನೆ ಗಪ್ಪನೆ ಎದ್ದಿತು. ಹಿಂದೆ ಇಲ್ಲಿ ಕೂರುತ್ತಿದ್ದವನು ಆಟಗಾರರನ್ನು ಬಾಯಿಗೆ ಬಂದಂತೆ ಹೀಯಾಳಿಸುತ್ತಿದ್ದನಂತೆ. ಅವರಲ್ಲಿ ಯಾರೋ ಹೊಟ್ಟೆಯುರಿ ತಾಳಲಾರದೆ ಮಾಟ ಮಾಡಿಸಿದರಂತೆ. ದಾರ ಕಿತ್ತೆಸೆದರೂ, ಮೈಕನ್ನೇ ಬದಲಿಸಿದರೂ ಅದು ಮತ್ತೆ ಇದ್ದಲ್ಲಿಗೇ ಬರುತ್ತದಂತೆ.

"ಆಟದ ಬಗ್ಗೆ ಏನು ಬೇಕಾದ್ರೂ ಹೇಳಿ. ಆಟಗಾರನಿಗೆ ಕೆಟ್ಟದ್ದು ನುಡೀಬೇಡಿ," ಅಂದಳು. "ಈ ಮೈಕಲ್ಲಿ ಆಡಿದ್ದು ನಿಮ್ಮ ಹೆತ್ತಮ್ಮನಿಗೇ ತಟ್ಟುತ್ತೆ. ಅವರ ಕಿವಿಗೆ ಬಿದ್ದ ಕ್ಷಣಕ್ಕೇ ತಟ್ಟುತ್ತೆ."

"ನಮ್ಮಮ್ಮ ದಿನಾ ಬೆಳಗೆದ್ದು ನನಗೆ ಶಾಪ ಹಾಕ್ತಾಳೆ ಮೇಡಂ. ಇನ್ನೂ ಗುಂಡುಕಲ್ಲಿನ ಹಾಗಿದೀನಿ."

ಅವನು ದಾರವನ್ನು ಕಿತ್ತು, ಕುಡಿದು ಬಿಟ್ಟಿದ್ದ ಕಾಫಿ ಲೋಟದಲ್ಲಿ ಅದ್ದಿ ಕಸದ ಬುಟ್ಟಿಗೆ ಹಾಕಿದ.

ಮಧ್ಯಾಹ್ನ ಸೆಮಿಫೈನಲ್. ಒಂದು ತಂಡದ ನಾಯಕನಿಗೆ ಇಪ್ಪತ್ತೇಳು ತುಂಬಿತ್ತು. ಮೀಸೆ ಮೂಡದ ಹುಡುಗರೇ ಆಳುವ ಈ ಆಟದಲ್ಲಿ ಅದು ದೊಡ್ಡ ವಯಸ್ಸೇ. ಪಟಾಕಿ ಅವನಿಗೆ ಮುದುಕ ಎಂದು ಹೆಸರಿಟ್ಟ. ಇಡೀ ಸಭಾಂಗಣ ಆ ಹೆಸರನ್ನೇ ಹಿಡಿದುಕೊಂಡಿತು. ಎದುರಾಳಿ ಗೋಡೆಯ ಮರೆಯಿಂದ ಬಂದು ಹೊಡೆದಾಗ ಪಟಾಕಿ, ಮುದುಕನ ಕಣ್ಣು ಹೋಯ್ತು ಕಣ್ರಪ್ಪಾ ಎಂದು ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ಆದರೂ ಕೊನೆಗೆ ಗೆದ್ದು ಫೈನಲ್ಲಿಗೆ ಹೋದದ್ದು ಮುದುಕನ ತಂಡವೇ.

ಸಂಜೆ ಆಟಗಳೆಲ್ಲ ಮುಗಿದಾಗ ತಂಗಿಯ ಫೋನ್ ಬಂತು. ಆಟದ ತಲೆಬುಡ ತಿಳಿಯದಿದ್ದರೂ ಮಗನ ದನಿ ಕೇಳಲೆಂದು ಅಮ್ಮ ಟೀವಿ ಮುಂದೆ ಕೂರುತ್ತಿದ್ದಳು. ಇವತ್ತೂ ಕೂತಿದ್ದಳು. ಇದ್ದಕ್ಕಿದ್ದ ಹಾಗೆ ಟೀವಿ ಯಾಕೆ ಆರಿಸಿದೆ ಎಂದು ಕೇಳಿದಳಂತೆ. ಟೀವಿ ಓಡುತ್ತಲೇ ಇತ್ತು. ಡಾಕ್ಟರು ಕಣ್ಣಿನಲ್ಲಿ ಏನೂ ದೋಷವಿಲ್ಲ ಅಂದರು, ಆದರೆ ಅಮ್ಮನಿಗೆ ಏನೂ ಕಾಣುತ್ತಿರಲಿಲ್ಲ. ನೀನು ಕಣ್ಣು ಹೋಯ್ತು ಅಂದೆಯಲ್ಲ, ಆಗಲೇ ಅಣ್ಣ ಎಂದು ತಂಗಿ ಅತ್ತಳು.

ಕಾಕತಾಳೀಯ ಎಂದು ತನಗೆ ತಾನೇ ಹೇಳಿಕೊಳ್ಳುತ್ತಲೇ ಅವನು ಕಾಮೆಂಟರಿ ಕೋಣೆಗೆ ಓಡಿ ಸ್ಪಂಜು ಎತ್ತಿದ. ದಾರ ಅಲ್ಲೇ ಇತ್ತು. ಗಂಟುಗಳು ಒದ್ದೆಯಾಗಿದ್ದವು, ಕಾಫಿ ನಾರುತ್ತಿತ್ತು. ಅವನು ಎಂಜಿನಿಯರನ್ನು ಹುಡುಕಿಕೊಂಡು ಹೋದ.

ನೀವು ನೋಯಿಸಿದವನ ಹತ್ತಿರವೇ ಕ್ಷಮೆ ಕೇಳಿ, ಬೇರೆ ದಾರಿ ಇಲ್ಲ ಅಂದಳು ಎಂಜಿನಿಯರ್. ಇನ್ನೊಂದು ವಿಷಯವನ್ನೂ ನೆನಪಿಸಿದಳು. ಹೊರಗೆ ಕೂತು ನೋಡುವವರು ಆಟಗಾರರಿಗೆ ಎದುರಾಳಿಯ ಸುಳಿವು ಕೊಡಬಾರದೆಂದು ಪ್ರಸಾರವನ್ನು ಮೂರು ನಿಮಿಷ ತಡವಾಗಿ ಟೀವಿಗೆ ಬಿಡುತ್ತಾರೆ. ಬಾಯಿ ತಪ್ಪಿದರೆ ಸಿಗುವುದು ಅಷ್ಟೇ ಸಮಯ.

ಮರುದಿನ ಫೈನಲ್ಲಿಗೆ ಮುಂಚೆ ಪಟಾಕಿ ಮುದುಕನ ಕೋಣೆಗೆ ಹೋದ. ಅವನು ಮಣಿಕಟ್ಟಿಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

"ನೀನು ಕಿರುಚೋದು ನಂಗೆ ಕೇಳಿಸಲ್ಲ," ಅಂದ. "ಆಡೋವಾಗ ನಮ್ಮ ಕಿವಿಗೆ ಬರೀ ಗೊರಗೊರ ಸದ್ದು ಬಿಟ್ಟಿರ್ತಾರೆ. ಮನೇಲಿ ಕೂತು ನಮ್ಮಮ್ಮ ಕೇಳಿಸ್ಕೊಳ್ತಾಳೆ."

ಪಟಾಕಿಯ ನಾಲಿಗೆ ತುದಿಗೆ ಕ್ಷಮಿಸು ಎಂಬ ಮಾತು ಬಂದಿತ್ತು. ಅಷ್ಟರಲ್ಲಿ ಮುದುಕ ಕಣ್ಣೆತ್ತಿ, "ನಿಮ್ಮಮ್ಮ ಹೇಗಿದಾರೆ?" ಎಂದು ಕೇಳಿದ.

ಇವನಿಗೆ ಹೇಗೆ ಗೊತ್ತು, ಮಾಟ ಮಾಡಿಸಿದವನು ಇವನೇ ಇರಬೇಕು ಎನಿಸಿ ಪಟಾಕಿಯ ನೆತ್ತಿಗೇ ರಕ್ತ ಏರಿತು. ಬಂದ ಮಾತನ್ನು ನುಂಗಿಕೊಂಡು, ಬಾಗಿಲು ದಡಾರನೆ ಹಾಕಿ ಹೊರಟುಬಿಟ್ಟ.

ಫೈನಲ್ಲಿನಲ್ಲಿ ಅವನು ಮೊದಮೊದಲು ಮಾತನ್ನು ತೂಗಿ ತೂಗಿ ಆಡಿದ. ಇದೇನು ಸಪ್ಪೆ, ಖಾರ ಹಾಕು ಎಂದು ಪ್ರೊಡ್ಯೂಸರ್ ಕಿವಿಯಲ್ಲಿ ಬೈಯುತ್ತಿದ್ದ. ಕೆಳಗೆ ಸಾವಿರ ಗಂಟಲು ಮುದುಕ, ಮುದುಕ ಎಂದು ಅರಚುತ್ತಿದ್ದವು. ಪರದೆಯ ಮೇಲೆ ಮುದುಕ ಮೂಲೆಗೆ ಸಿಕ್ಕಿಬಿದ್ದ. ಪಟಾಕಿ ಎದ್ದು ನಿಂತ. ಮೈಮರೆತ. ವರ್ಷಗಳ ಚಾಳಿ, ಅದರ ಮೇಲೆ ಆಗಿನ ಕೋಪ.

"ಮುಗೀತು. ಮುದುಕನ ಉಸಿರು ನಿಂತೋಯ್ತು."

ಕೋಣೆಯ ತುಂಬ ಸುಟ್ಟ ಕೂದಲಿನ ವಾಸನೆ.

ಮೂರು ನಿಮಿಷ. ಫೋನ್ ಮಾಡಿದ. ತಂಗಿ ಎತ್ತಲಿಲ್ಲ. ಮತ್ತೆ ಮಾಡಿದ. ರಿಂಗಾಗುತ್ತಲೇ ಇತ್ತು. ಹೆಡ್‌ಫೋನ್ ಕಿತ್ತೆಸೆದು ಓಡಿದ. ಓಣಿಯಲ್ಲಿ ಕತ್ತಲು. ಕಾಲಿಗೆ ವೈರು ತೊಡರಿತು. ಬಿದ್ದ. ಹಲ್ಲು ಮುರಿಯಿತು. ಎದ್ದ. ವಾಸನೆ ಬೆನ್ನ ಹಿಂದೆಯೇ ಬರುತ್ತಿತ್ತು. ಕಂಟ್ರೋಲ್ ರೂಮಿನ ಬಾಗಿಲು ಹಾಕಿತ್ತು. ಭುಜ ಕೊಟ್ಟು ಗುದ್ದಿದ. ಇನ್ನೊಮ್ಮೆ ಗುದ್ದಿದ. ಚಿಲಕ ಕಿತ್ತು ಬಂತು. ಪ್ರೊಡ್ಯೂಸರ್ ಅವನ ಕೊರಳಪಟ್ಟಿ ಹಿಡಿದ. ಸೌಂಡ್ ಆರಿಸಿ ಮೇಡಂ ಎಂದು ಪಟಾಕಿ ರಕ್ತ ಉಗುಳುತ್ತ ಬೇಡಿದ. ಎಂಜಿನಿಯರ್ ಯಾರನ್ನೂ ಕೇಳಲಿಲ್ಲ. ಪ್ರಸಾರದ ಸೌಂಡಿನ ಜಾರುಗುಂಡಿಯನ್ನು ಪೂರ್ತಿ ಕೆಳಗೆ ಎಳೆದಳು.

ಪ್ರಸಾರದ ಪರದೆಯಲ್ಲಿ ಮೂರು ನಿಮಿಷ ಹಿಂದಿನ ಪಟಾಕಿ ಎದ್ದು ನಿಂತ. ಬಾಯಿ ತೆರೆಯಿತು, ಮುಚ್ಚಿತು. ಒಂದಕ್ಷರವೂ ಹೊರಗೆ ಹೋಗಲಿಲ್ಲ.

ಅವನು ನೆಲಕ್ಕೆ ಕುಕ್ಕರಿಸಿದ. ಕೆಲಸ ಹೋಯಿತು, ಮರ್ಯಾದೆಯೂ ಹೋಯಿತು. ಹೋಗಲಿ, ಅಮ್ಮ ಉಳಿದಳಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತ. ಸಭಾಂಗಣದ ಗದ್ದಲ ಯಾವಾಗ ನಿಂತಿತೋ ಅವನಿಗೆ ತಿಳಿಯಲಿಲ್ಲ. ಯಾರೋ ನೀರು, ನೀರು ಎನ್ನುತ್ತಿದ್ದುದು ಮಾತ್ರ ಕೇಳಿಸುತ್ತಿತ್ತು. ಆಗ ಫೋನ್ ಬಂತು.

"ಅಣ್ಣ, ಆಗಿಂದ ಫೋನ್ ಎತ್ತೋಕಾಗ್ಲಿಲ್ಲ," ಎಂದಳು ತಂಗಿ. "ನಾವಿಲ್ಲೇ ಇದೀವಿ, ಮುಂದಿನ ಸಾಲಲ್ಲಿ. ಟೀವಿ ಹೇಗೂ ಕಾಣಲ್ಲ, ಹತ್ತಿರ ಕೂತಾದ್ರೂ ಅವನ ದನಿ ಕೇಳ್ತೀನಿ ಅಂತ ಅಮ್ಮ ಹಠ ಹಿಡಿದ್ಲು. ಬೇಗ ಬಾ. ಅಮ್ಮ ಉಸಿರಾಡ್ತಿಲ್ಲ."

ಸಭಾಂಗಣದ ಸ್ಪೀಕರುಗಳಿಗೆ ತಡವೆಂಬುದೇ ಇರಲಿಲ್ಲ. ಅವನು ಆಡಿದ ಕೂಡಲೇ ಅಲ್ಲಿ ಕೇಳಿಸಿತ್ತು.